ಓದುಗರ ಪ್ರಶ್ನೆ: ಚೈನ್ ಸಾ ಎಂಜಿನ್ನಿಗೆ ಬೇರೆ ಕಂಪನಿಯ ಬಿಡಿಭಾಗ ಕೂರಿಸುವಾಗ

ಪ್ರಶ್ನೆ: ಸೀಜ್ ಆಗಿದ್ದ (ಪಿಸ್ಟನ್ ಸಿಲಿಂಡರಿನಲ್ಲಿ ಹಿಡಿದುಕೊಂಡಿದ್ದ) ಚೈನ್ ಸಾಗೆ ಬೇರೆ ಕಂಪನಿಯ 45 ಮಿ.ಮೀ. ಪಿಸ್ಟನ್ ತರಿಸಿದೆ. ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಪಿನ್ ಸರಿಯಾಗಿ ಕೂತಿತು, ಸಿಲಿಂಡರಿನೊಳಗೂ ಸಲೀಸಾಗಿ ಹೋಯಿತು. ಆದರೆ ಕೈಯಲ್ಲಿ ತಿರುಗಿಸಿದರೆ ಮೇಲ್ತುದಿಯಲ್ಲಿ ಟಕ್ ಎಂದು ತಾಗುತ್ತದೆ. ಸಿಲಿಂಡರಿನ ಅಡಿಗೆ ಎರಡು ಗ್ಯಾಸ್ಕೆಟ್ ಹಾಕಿದರೆ ನಡೆಯುತ್ತದೆಯೇ?

ಉತ್ತರ: ವ್ಯಾಸ ಒಂದೇ ಇದ್ದ ಮಾತ್ರಕ್ಕೆ ಪಿನ್ನಿನಿಂದ ತಲೆಯವರೆಗಿನ ಎತ್ತರವೂ ಒಂದೇ ಇರಬೇಕೆಂದಿಲ್ಲ. ಹಳೆಯ ಪಿಸ್ಟನ್ ಎಸೆದಿಲ್ಲವಾದರೆ ಎರಡನ್ನೂ ವರ್ನಿಯರ್‌ನಲ್ಲಿ ಅಳೆಯಿರಿ, ಪಿನ್ ತೂತಿನ ಮೇಲಂಚಿನಿಂದ ತಲೆಯ ಅಂಚಿನವರೆಗೆ. ತಲೆಯ ಆಕಾರವನ್ನೂ ಹೋಲಿಸಿ. ಚಪ್ಪಟೆ ತಲೆಗೆಂದು ಮಾಡಿದ ಸಿಲಿಂಡರಿನಲ್ಲಿ ಉಬ್ಬು ತಲೆಯ ಪಿಸ್ಟನ್ ಕೂರುವುದಿಲ್ಲ. ತಲೆಗೆ ಮಾರ್ಕರ್ ಪೆನ್ನಿನ ಶಾಯಿ ಬಳಿದು ಒಂದು ಸುತ್ತು ತಿರುಗಿಸಿದರೆ ಎಲ್ಲಿ ತಾಗುತ್ತಿದೆ ಎಂಬುದು ಅಳಿಸಿದ ಗುರುತಿನಿಂದ ತಿಳಿಯುತ್ತದೆ.

ಪಿಸ್ಟನ್ ಮೇಲ್ತುದಿಗೆ ಬಂದಾಗ ಅದರ ಅಂಚಿಗೂ ಸಿಲಿಂಡರಿನ ತಲೆಗೂ ನಡುವೆ 0.5ರಿಂದ 0.8 ಮಿ.ಮೀ. ಸಂದು ಬೇಕು. ಎಂಜಿನ್ ಬಿಸಿಯಾಗಿ ವೇಗ ಹಿಡಿದಾಗ ರಾಡ್ ಕೊಂಚ ಹಿಗ್ಗುತ್ತದೆ, ಬೇರಿಂಗಿನ ಸಡಿಲವೂ ಸೇರಿಕೊಳ್ಳುತ್ತದೆ. ತಣ್ಣಗಿರುವಾಗ 0.3 ಇದ್ದ ಸಂದನ್ನು ನಂಬುವಂತಿಲ್ಲ. ಸಂದು ಅಳೆಯಲು 1.5 ಮಿ.ಮೀ. ದಪ್ಪದ ಮೆತ್ತನೆಯ ಸೋಲ್ಡರ್ ತಂತಿಯನ್ನು ಪ್ಲಗ್ ತೂತಿನಿಂದ ತೂರಿಸಿ, ಗೋಡೆಗೆ ತಾಗಿಸಿ ಹಿಡಿದು ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ. ಚಪ್ಪಟೆಯಾದ ತುದಿಯ ದಪ್ಪವೇ ಸಂದು. ತಂತಿ ಪಿನ್ನಿನ ನೇರಕ್ಕೇ ಇರಲಿ, ಅದಕ್ಕೆ ಅಡ್ಡವಾಗಿ ಇಟ್ಟರೆ ಪಿಸ್ಟನ್ ವಾಲಿ ತಪ್ಪು ಅಳತೆ ಬರುತ್ತದೆ.

ಒಂದು ಗ್ಯಾಸ್ಕೆಟ್ ಇದ್ದೂ ತಾಗುತ್ತಿದೆ ಎಂದರೆ ನಿಮ್ಮ ಸಂದು ಸೊನ್ನೆ, ಅಥವಾ ಅದಕ್ಕಿಂತ ಕಡಿಮೆ. ಇನ್ನೊಂದು 0.5 ಮಿ.ಮೀ. ಗ್ಯಾಸ್ಕೆಟ್ ಹಾಕಿದರೂ ಹೆಚ್ಚೆಂದರೆ ಕನಿಷ್ಠ ಅಳತೆ ಸಿಕ್ಕೀತು. ಅಷ್ಟು ಸಿಕ್ಕರೆ ಎರಡರ ಬದಲು 1 ಮಿ.ಮೀ. ದಪ್ಪದ ಒಂದನ್ನೇ ಹಾಕಿ, ಸೋರುವ ಜಾಗ ಕಡಿಮೆಯಾಗುತ್ತದೆ. ಸಿಗದಿದ್ದರೆ ಪಿಸ್ಟನ್ ವಾಪಸ್ ಕೊಡುವುದೇ ಲೇಸು. ತಲೆಯನ್ನು ಉಜ್ಜಿ ತಗ್ಗಿಸಲು ಹೋಗಬೇಡಿ, ತೆಳುವಾದ ತಲೆ ಬಿಸಿಗೆ ತೂತು ಬೀಳುತ್ತದೆ.

ಸಿಲಿಂಡರ್ ಎತ್ತರಿಸಿದ ಮೇಲೆ ಪೋರ್ಟುಗಳ, ಅಂದರೆ ಅದರ ಗೋಡೆಯಲ್ಲಿ ಮಿಶ್ರಣ ಮತ್ತು ಹೊಗೆ ಹಾಯುವ ಕಿಂಡಿಗಳ, ಲೆಕ್ಕವನ್ನೂ ನೋಡಬೇಕು. ಪಿಸ್ಟನ್ ಎಷ್ಟು ಎತ್ತರವೋ ಸಿಲಿಂಡರ್ ಅಷ್ಟೇ ಮೇಲೆ ಹೋದರೆ ತಲೆಯಂಚು ತೆರೆದು ಮುಚ್ಚುವ ಎಕ್ಸಾಸ್ಟ್ ಮತ್ತು ಟ್ರಾನ್ಸ್‌ಫರ್ ಪೋರ್ಟುಗಳು ಮೊದಲಿನ ಹೊತ್ತಿಗೇ ತೆರೆಯುತ್ತವೆ. ಇನ್‌ಟೇಕ್ ಪೋರ್ಟ್ ಹಾಗಲ್ಲ. ಅದನ್ನು ತೆರೆಯುವುದು ಪಿಸ್ಟನ್ನಿನ ಕೆಳಗಿನ ಅಂಚು. ಪಿನ್ನಿನಿಂದ ಆ ಅಂಚಿನವರೆಗಿನ ಉದ್ದ ಹಳೆಯದರಷ್ಟೇ ಇದ್ದರೆ ಇನ್‌ಟೇಕ್ ತಡವಾಗಿ ತೆರೆದು ಬೇಗ ಮುಚ್ಚುತ್ತದೆ, ಶಕ್ತಿ ಸ್ವಲ್ಪ ಇಳಿಯುತ್ತದೆ. ತೀರ ಗಿಡ್ಡವಿದ್ದರೆ ಹೆಚ್ಚು ಹೊತ್ತು ತೆರೆದಿದ್ದು ಕಾರ್ಬ್ಯುರೇಟರ್ ಕಡೆಗೆ ಪೆಟ್ರೋಲ್ ಉಗುಳುತ್ತದೆ. ಕೊನೆಗೆ ಸೈಲೆನ್ಸರ್ ಬಿಚ್ಚಿ, ಪಿಸ್ಟನ್ನನ್ನು ಮೇಲ್ತುದಿಗೆ ತಂದು, ಎಕ್ಸಾಸ್ಟ್ ತೂತಿನೊಳಗೆ ಟಾರ್ಚ್ ಬಿಡಿ. ಪಿಸ್ಟನ್ನಿನ ಕೆಳಗಿಂದ ಕ್ರ್ಯಾಂಕ್‌ಕೇಸ್ ಇಣುಕಿದರೆ ಆ ಪಿಸ್ಟನ್ ನಿಮ್ಮ ಎಂಜಿನ್ನಿನದಲ್ಲ.

ಪ್ರಶ್ನೆ: ಹೊಸ ಪಿಸ್ಟನ್ನಿನ ಪಿನ್ 12 ಮಿ.ಮೀ., ನನ್ನ ಮಷಿನ್ನಿನದು 10. ರಾಡಿನ ಕಣ್ಣು ದೊಡ್ಡದು ಮಾಡಿಸಬಹುದೇ?

ಉತ್ತರ: ಬೇಡ. ಕಣ್ಣಿನ ಒಳಮೈ ಹದ ಹಾಕಿದ ಉಕ್ಕು, ಬೇರಿಂಗಿನ ಸೂಜಿಯಂಥ ನೀಡಲ್‌ಗಳು ಉರುಳುವುದು ಅದರ ಮೇಲೆಯೇ. ಒಳವ್ಯಾಸ 12 ಇದ್ದು ಹೊರವ್ಯಾಸ ನಿಮ್ಮ ಕಣ್ಣಿನಷ್ಟೇ ಇರುವ ನೀಡಲ್ ಬೇರಿಂಗ್ ಸಿಕ್ಕರೆ ಸರಿ, ಇಲ್ಲದಿದ್ದರೆ 10 ಪಿನ್ನಿನ ಪಿಸ್ಟನ್ನೇ ಹುಡುಕಿ. 10ರ ಪಿನ್ನಿಗೆ ಬುಶ್ ತೊಡಿಸುವ ಸಲಹೆಯನ್ನೂ ಕೇಳಬೇಡಿ.

ಪ್ರಶ್ನೆ: ಅದೇ ವ್ಯಾಸದ ಬೇರೆ ರಿಂಗ್ ಹಾಕಿದೆ. ಸ್ಟಾರ್ಟ್ ಆಗಿ ಸ್ವಲ್ಪ ಹೊತ್ತಿಗೇ ತುಂಡಾಯಿತು. ಯಾಕೆ?

ಉತ್ತರ: ಪಿಸ್ಟನ್ನಿನಲ್ಲಿ ರಿಂಗ್ ಕೂರುವ ತೋಡಿನಲ್ಲಿ ಒಂದು ಸಣ್ಣ ಮೊಳೆ ಇರುತ್ತದೆ. ರಿಂಗಿನ ಬಾಯಿ (ಎರಡು ತುದಿಗಳು ಎದುರಾಗುವ ಜಾಗ) ತಿರುಗಿ ಪೋರ್ಟಿನ ಎದುರು ಬರದಂತೆ ತಡೆಯುವುದೇ ಅದರ ಕೆಲಸ. ರಿಂಗಿನ ತುದಿಯ ಕಚ್ಚು ಆ ಮೊಳೆಗೆ ಹೊಂದದಿದ್ದರೆ ರಿಂಗ್ ಮೊಳೆಯ ಮೇಲೆ ಹತ್ತಿ ಕೂರುತ್ತದೆ, ಸಿಲಿಂಡರಿನೊಳಗೆ ಒತ್ತಿದಾಗ ಬಿರುಕು ಬಿಡುತ್ತದೆ. ಪಿಸ್ಟನ್ನನ್ನು ತಿರುವುಮುರುವಾಗಿ ಹಾಕಿದರೂ ಬಾಯಿ ಪೋರ್ಟಿಗೆ ಸಿಕ್ಕಿ ತುಂಡಾಗಬಹುದು. ತಲೆಯ ಮೇಲಿನ ಬಾಣ ಎಕ್ಸಾಸ್ಟ್ ಕಡೆಗೆ ಇರಬೇಕು.

ದಪ್ಪವನ್ನೂ ನೋಡಿ. 1.2 ಮತ್ತು 1.5 ಮಿ.ಮೀ. ಎರಡೂ ಚಾಲ್ತಿಯಲ್ಲಿವೆ, 1.5ರ ತೋಡಿನಲ್ಲಿ 1.2ರ ರಿಂಗ್ ಕುಣಿದು ತೋಡನ್ನೇ ಹಾಳು ಮಾಡುತ್ತದೆ. ಬಾಯಿಯ ಸಂದು ಅಳೆಯಲು ರಿಂಗನ್ನು ಬರಿ ಸಿಲಿಂಡರಿನೊಳಗಿಟ್ಟು ಪಿಸ್ಟನ್ನಿನಿಂದ ನೇರವಾಗಿ ತಳ್ಳಿ ಫೀಲರ್ ಗೇಜ್ ತೂರಿಸಿ. 45 ಮಿ.ಮೀ.ಗೆ ಸುಮಾರು 0.2 ಸಾಕು. 0.1ಕ್ಕಿಂತ ಕಡಿಮೆಯಿದ್ದರೆ ಬಿಸಿಗೆ ತುದಿಗಳು ಗುದ್ದಿಕೊಳ್ಳುತ್ತವೆ. 0.5 ದಾಟಿದರೆ ಬೇರೆ ರಿಂಗ್ ಹಾಕಿ. ಅಗ್ಗದ ಸಿಲಿಂಡರುಗಳಲ್ಲಿ ಪೋರ್ಟಿನ ಅಂಚು ಚೂಪಾಗಿ ಉಳಿದಿರುತ್ತದೆ, 400 ನಂಬರಿನ ಎಮರಿ ಕಾಗದದಲ್ಲಿ ಲಘುವಾಗಿ ಮೊಂಡಾಗಿಸಿ, ತೊಳೆದು ಕೂರಿಸಿ.

ಪ್ರಶ್ನೆ: ಸಿಲಿಂಡರಿನ ಒಳಗೆ ಬೆಳ್ಳಿಯಂಥ ಗೆರೆಗಳಿವೆ. ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕಬಹುದೇ?

ಉತ್ತರ: ಎರಕದ ಕಬ್ಬಿಣದ ಬ್ಲಾಕಿಗೆ ಮಾಡುವ ಕೆಲಸ ಇಲ್ಲಿ ಆಗದು. ಚೈನ್ ಸಾ ಸಿಲಿಂಡರಿನ ಒಳಮೈ ಅಲ್ಯುಮಿನಿಯಂ ಮೇಲಿನ ತೆಳು ಲೇಪ, ಬೋರ್ ಮಾಡಿದರೆ ಅದೇ ಹೋಗುತ್ತದೆ. ಆ ಗೆರೆಗಳು ಬಹುಪಾಲು ಪಿಸ್ಟನ್ನಿನಿಂದ ಅಂಟಿದ ಅಲ್ಯುಮಿನಿಯಂ. ಕೈಗವಸು ಹಾಕಿ, ಗಾಳಿಯಾಡುವ ಜಾಗದಲ್ಲಿ, ಹತ್ತಿ ಸುತ್ತಿದ ಕಡ್ಡಿಯಿಂದ ಹೈಡ್ರೋಕ್ಲೋರಿಕ್ ಆಸಿಡ್ಡನ್ನು ಆ ಗೆರೆಗೆ ಮಾತ್ರ ಮುಟ್ಟಿಸಿ. ನೊರೆ ನಿಂತರೆ ಅಲ್ಯುಮಿನಿಯಂ ಮುಗಿದಿದೆ ಎಂದರ್ಥ. ಪೋರ್ಟಿನ ಅಂಚಿಗೆ ಸೋಕಿಸಬೇಡಿ. ತೊಳೆದು, ಅಡುಗೆ ಸೋಡಾ ನೀರು ಹಾಕಿ, ಮತ್ತೆ ತೊಳೆದು ಎಣ್ಣೆ ಸವರಿ. ಒಣಗಿದ ಮೇಲೆ ಉಗುರಿಗೆ ಗೀರು ಸಿಕ್ಕರೆ, ಅಥವಾ ಲೇಪ ಸಿಪ್ಪೆಯಂತೆ ಎದ್ದಿದ್ದರೆ, ಸಿಲಿಂಡರ್ ಬದಲಿಸಲೇಬೇಕು.

ಪ್ರಶ್ನೆ: ಸ್ಟಿಲ್ ಎಂಎಸ್ 170ಕ್ಕೆ 180ರ ಕಿಟ್ ಹಾಕಬಹುದೇ?

ಉತ್ತರ: ಎರಡರ ಸ್ಟ್ರೋಕೂ 28 ಮಿ.ಮೀ. ಬೋರ್ ಮಾತ್ರ 37 ಮತ್ತು 38. ಪಿಸ್ಟನ್, ಸಿಲಿಂಡರ್ ಎರಡೂ ಒಟ್ಟಿಗೆ ಬದಲಿಸಿದರೆ ಕೂರುತ್ತದೆ. 30.1 ಸಿಸಿ 31.8 ಆಗುತ್ತದೆ, ಅಷ್ಟಕ್ಕಾಗಿ ಮಾತ್ರ ಖರ್ಚು ಮಾಡಬೇಡಿ. ಇದರಲ್ಲಿ ಸಿಲಿಂಡರಿನ ಅಡಿಗೆ ಗ್ಯಾಸ್ಕೆಟ್ ಇಲ್ಲ, ಪೆಟ್ರೋಲ್ ತಡೆಯುವ ಸೀಲಂಟನ್ನು ತೆಳುವಾಗಿ ಹಚ್ಚಬೇಕು.

ಪ್ರಶ್ನೆ: ಹೊಸ ಕಿಟ್ ಹಾಕಿದ ಮೇಲೂ ಮತ್ತೆ ಸೀಜ್ ಆಯಿತು. ಐಡ್ಲಿಂಗ್‌ನಲ್ಲೇ ತಾನಾಗಿ ರೇಸ್ ಆಗುತ್ತಿತ್ತು.

ಉತ್ತರ: ಆ ರೇಸಿಂಗೇ ಸುಳಿವು. ಎಲ್ಲೋ ಗಾಳಿ ಒಳಗೆಳೆಯುತ್ತಿದೆ, ಮಿಶ್ರಣ ತೆಳುವಾಗಿ ಎಣ್ಣೆಯೂ ಸಾಲುತ್ತಿಲ್ಲ. ಮೊದಲ ಪಿಸ್ಟನ್ನನ್ನು ಕೊಂದ ಕಾರಣವೇ ಎರಡನೆಯದನ್ನೂ ಕೊಂದಿರಬಹುದು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ರಬ್ಬರ್ ತುಂಡಿನಿಂದ ಮುಚ್ಚಿ, ಇಂಪಲ್ಸ್ ಪೈಪಿನಿಂದ (ಕ್ರ್ಯಾಂಕ್‌ಕೇಸಿನಿಂದ ಕಾರ್ಬ್ಯುರೇಟರಿಗೆ ಹೋಗುವ ಸಣ್ಣ ಪೈಪ್) 0.5 ಬಾರ್ ಗಾಳಿ ತುಂಬಿ, ಗೇಜಿನ ಮುಳ್ಳು ನಿಲ್ಲುತ್ತದೆಯೇ ನೋಡಿ. ಇಳಿದರೆ ಸೋಪಿನ ನೀರು ಬಳಿದು ಗುಳ್ಳೆ ಹುಡುಕಿ. ಬಳಿಕ 0.5 ಬಾರ್ ವ್ಯಾಕ್ಯೂಮ್ ಪರೀಕ್ಷೆಯನ್ನೂ ಮಾಡಿ: ಒಳಗಿನ ಒತ್ತಡಕ್ಕೆ ತುಟಿ ಬಿಗಿಯಾಗುವ ಆಯಿಲ್ ಸೀಲ್ ವ್ಯಾಕ್ಯೂಮಿಗೆ ಮಾತ್ರ ಸೋರುವುದುಂಟು. ಕ್ಲಚ್ ಹಿಂದಿನ ಸೀಲ್, ಮ್ಯಾಗ್ನೆಟ್ ಹಿಂದಿನ ಸೀಲ್, ಇನ್‌ಟೇಕ್ ರಬ್ಬರಿನ ಬಿರುಕು, ಈ ಮೂರನ್ನು ಮೊದಲು ಅನುಮಾನಿಸಿ. ಕ್ಲಚ್ ಬಿಚ್ಚುವಾಗ ಅದು ಎಡ ಮರೆ (ಉಲ್ಟಾ ಥ್ರೆಡ್), ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಬಿಡುತ್ತದೆ.

ಸೋರಿಕೆ ನಿಂತ ಮೇಲೆ ಕಾರ್ಬ್ಯುರೇಟರಿನ ಎಚ್ (ಹೆಚ್ಚು ವೇಗದ) ಮತ್ತು ಎಲ್ (ಕಡಿಮೆ ವೇಗದ) ಸ್ಕ್ರೂಗಳನ್ನು ಮೆಲ್ಲಗೆ ಪೂರ್ತಿ ಮುಚ್ಚಿ ಒಂದೊಂದು ಸುತ್ತು ಬಿಡಿಸಿ ಸ್ಟಾರ್ಟ್ ಮಾಡಿ. ಬರಿದೇ ಪೂರ್ತಿ ವೇಗದಲ್ಲಿ ತುಸು ತೊದಲಿ, ಮರಕ್ಕೆ ಇಟ್ಟಾಗ ದನಿ ಸ್ವಚ್ಛವಾಗಬೇಕು. ತೊದಲದೆ ಕಿರುಚಿದರೆ ಎಚ್ ಇನ್ನಷ್ಟು ತೆರೆಯಿರಿ. ಮೊದಲ ಟ್ಯಾಂಕಿಗೆ 50:1, ಅಂದರೆ ಲೀಟರಿಗೆ 20 ಮಿ.ಲೀ. ಒಳ್ಳೆಯ ಟೂ-ಸ್ಟ್ರೋಕ್ ಎಣ್ಣೆ ಸಾಕು. ಟ್ಯಾಂಕ್ ಮುಗಿದು ಎಂಜಿನ್ ತಣ್ಣಗಾದ ಮೇಲೆ ಸಿಲಿಂಡರಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿ.