4 ಕೋಟಿ ಅಂಕಿಯ ಸಂಖ್ಯೆಯನ್ನು ಭಾಗಿಸಿ ನೋಡಿದವರು ಯಾರು?

ಪ್ರಶ್ನೆ: ಗೊತ್ತಿರುವ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆಯಲ್ಲಿ 4 ಕೋಟಿಗೂ ಜಾಸ್ತಿ ಅಂಕಿಗಳಿವೆಯಂತೆ. ಅದು ಯಾವುದರಿಂದಲೂ ಭಾಗವಾಗಲ್ಲ ಅಂತ ಹೇಗೆ ಗೊತ್ತಾಯಿತು ಸರ್? ಬ್ಯಾಂಕ್ ಆ್ಯಪ್‌ಗಳ ಭದ್ರತೆಗೆ ಇದನ್ನೇ ಬಳಸುತ್ತಾರಾ?
– ಪಿಯುಸಿ ವಿದ್ಯಾರ್ಥಿನಿ, ಬಸವನಗುಡಿ, ಬೆಂಗಳೂರು

ಉತ್ತರ: ಒಂದೊಂದಾಗಿ ಭಾಗಿಸುತ್ತಾ ಕೂತಿದ್ದರೆ ಯಾವ ಕಂಪ್ಯೂಟರಿಗೂ ಮುಗಿಯುತ್ತಿರಲಿಲ್ಲಮ್ಮಾ. ಈ ಸಂಖ್ಯೆಯ ರೂಪವೇ ಕೆಲಸ ಹಗುರ ಮಾಡಿತು.

13,62,79,841 ಎರಡುಗಳನ್ನು ಒಂದಕ್ಕೊಂದು ಗುಣಿಸಿ, ಬಂದದ್ದರಲ್ಲಿ 1 ಕಳೆದರೆ ಆ ಸಂಖ್ಯೆ ಸಿಗುತ್ತದೆ. ಒಟ್ಟು 4,10,24,320 ಅಂಕಿ. ಅವೆನ್ಯೂ ರಸ್ತೆಯಲ್ಲಿ ಪುಟಕ್ಕೆ 4,000 ಅಂಕಿಯಂತೆ ಪ್ರಿಂಟ್ ಹಾಕಿಸಿದರೂ 10,000 ಪುಟ ದಾಟುತ್ತದೆ! ಕೊನೆಯ ಅಂಕಿ ಮಾತ್ರ ಸುಲಭ. 2ರ ಘಾತಗಳ ಕೊನೆಯಂಕಿ 2, 4, 8, 6 ಎಂದು ಸುತ್ತುತ್ತದೆ. ನಮ್ಮ ಘಾತವನ್ನು 4ರಿಂದ ಭಾಗಿಸಿದರೆ ಶೇಷ 1. ಹಾಗಾಗಿ ಕೊನೆಗೆ 2, ಅದರಲ್ಲಿ 1 ಕಳೆದರೆ 1.

ಇಂಥವನ್ನು ಮರ್ಸೆನ್ ಸಂಖ್ಯೆ ಅನ್ನುತ್ತಾರೆ. ಘಾತ ಅವಿಭಾಜ್ಯವಾಗಿದ್ದರೆ ಸಾಕು ಅಂದುಕೊಳ್ಳಬೇಡಿ. ಘಾತ 11 ಆದಾಗ 2047 ಬರುತ್ತದೆ, ಅದು 23 × 89. ಆದರೆ ಇಲ್ಲೊಂದು ಚಂದದ ನಿಯಮವಿದೆ: ಘಾತ ಅವಿಭಾಜ್ಯವಾಗಿರುವ ಮರ್ಸೆನ್ ಸಂಖ್ಯೆಯನ್ನು ಭಾಗಿಸಬಲ್ಲ ಯಾವ ಸಂಖ್ಯೆಯಾದರೂ ಘಾತದ ಇಮ್ಮಡಿಯ ಗುಣಕಕ್ಕೆ 1 ಸೇರಿಸಿದಂತೆಯೇ ಇರಬೇಕು. 23 ಅಂದರೆ 22 + 1, 89 ಅಂದರೆ 88 + 1. ನಮ್ಮ ದೈತ್ಯನಿಗೆ ಈ ಲೆಕ್ಕದಲ್ಲಿ 27 ಕೋಟಿಗಿಂತ ಕೆಳಗಿನ ಯಾವ ಸಂಖ್ಯೆಯನ್ನೂ ಪರೀಕ್ಷಿಸುವ ಅಗತ್ಯವೇ ಇಲ್ಲ.

ಕೊನೆಯ ತೀರ್ಪು ಲೂಕಾಸ್–ಲೆಹ್ಮರ್ ಪರೀಕ್ಷೆಯದ್ದು. 4ರಿಂದ ಶುರು ಮಾಡಿ. ವರ್ಗ ಮಾಡಿ, 2 ಕಳೆದು, ಮರ್ಸೆನ್ ಸಂಖ್ಯೆಯಿಂದ ಭಾಗಿಸಿ ಶೇಷ ಮಾತ್ರ ಇಟ್ಟುಕೊಳ್ಳಿ. ಘಾತಕ್ಕಿಂತ 2 ಕಡಿಮೆ ಸಲ ಹೀಗೆ ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ, ಇಲ್ಲವಾದರೆ ಅಲ್ಲ. ಘಾತ 5, ಅಂದರೆ 31 ತೆಗೆದುಕೊಳ್ಳಿ. 4ರಿಂದ 14. 14ರಿಂದ 194, ಶೇಷ 8. 8ರಿಂದ 62, ಶೇಷ 0. ಮೂರೇ ಹೆಜ್ಜೆ! ದೊಡ್ಡದಕ್ಕೆ 13 ಕೋಟಿ ಚಿಲ್ಲರೆ ಹೆಜ್ಜೆ ಬೇಕಾಯಿತು ಅಷ್ಟೆ.

ಇದನ್ನು ಹುಡುಕಿದವರು ಅಮೆರಿಕದ ಲ್ಯೂಕ್ ಡ್ಯುರಾಂಟ್, ಗಿಂಪ್ಸ್ ಎಂಬ ಸ್ವಯಂಸೇವಕರ ಯೋಜನೆಯ ಮೂಲಕ. 2024ರ ಅಕ್ಟೋಬರ್ 11ರಂದು ಡಬ್ಲಿನ್‌ನಲ್ಲಿದ್ದ ಗ್ರಾಫಿಕ್ಸ್ ಚಿಪ್ಪೊಂದು 'ಬಹುಶಃ ಅವಿಭಾಜ್ಯ' ಎಂದಿತು. ಮರುದಿನ ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದ ಚಿಪ್ಪು ಮೇಲಿನ ಪರೀಕ್ಷೆಯಿಂದ ಖಚಿತಪಡಿಸಿತು.

ಬ್ಯಾಂಕ್ ಆ್ಯಪ್? ಊಹೂಂ. ಮಾಹಿತಿಯನ್ನು ಗುಟ್ಟಾಗಿ ಕಳಿಸಲು ಬಳಸುವ ಆರ್‌ಎಸ್‌ಎ ಪದ್ಧತಿಯ 2048 ಬಿಟ್ ಕೀಗೆ (ಬೀಗದ ಕೈಯಂಥ ಸಂಖ್ಯೆಗೆ) 300 ಚಿಲ್ಲರೆ ಅಂಕಿಯ ಎರಡು ಅವಿಭಾಜ್ಯಗಳು ಸಾಕು, ಅವೂ ಗುಟ್ಟಾಗಿರಬೇಕು. ಊರಿಗೆಲ್ಲ ಗೊತ್ತಿರುವ ಸಂಖ್ಯೆಯಿಂದ ಏನು ಭದ್ರತೆ, ಅಲ್ವಾ?

ಬಿಡುವಾದಾಗ ಘಾತ 7, ಅಂದರೆ 127ಕ್ಕೆ ಇದೇ ಪರೀಕ್ಷೆ ಮಾಡಿ ನೋಡಿ. 4ರ ನಂತರ 14, 67, 42, 111, 0 ಬರಬೇಕು.