ಎಡಿನ್‌ಬರೋದಲ್ಲಿ ಸಂಧ್ಯೆ, ಏಕಾದಶಿ ಮತ್ತು ಅಡುಗೆಮನೆ

ನೀವು ಮೈಸೂರಿನಲ್ಲಿ ಎರಡು ಹೊತ್ತಿನ ಸಂಧ್ಯಾವಂದನೆಯನ್ನಾಗಲಿ ಏಕಾದಶಿಯನ್ನಾಗಲಿ ಬಿಟ್ಟವರಲ್ಲ; ಎಡಿನ್‌ಬರೋಗೆ ಬಂದ ಮೂರೇ ತಿಂಗಳಲ್ಲಿ ಎಲ್ಲವೂ ತಪ್ಪಿತು. ಹೆಂಡತಿ, ಮಗು, ಕೆಲಸದ ನಡುವೆ ಇಲ್ಲಿ ನಿಷ್ಠೆ ಸಾಧ್ಯವೇ ಎಂದು ಕೇಳಿದ್ದೀರಿ. ನಾನು ಈ ಊರಿಗೆ ಬಂದು ಇಪ್ಪತ್ತೊಂದು ವರ್ಷ. ಸಂಧ್ಯಾವಂದನೆ ಮಾಡುವವರು ನಮ್ಮ ಯಜಮಾನರು, ನಾನು ನೋಡುತ್ತಾ ಬಂದವಳು.

ಇಲ್ಲಿನ ಸೂರ್ಯನನ್ನು ನಂಬಬೇಡಿ. ಡಿಸೆಂಬರ್ ಕೊನೆಯಲ್ಲಿ ಹುಟ್ಟುವುದು ಬೆಳಿಗ್ಗೆ ಸುಮಾರು 8.40ಕ್ಕೆ, ಮುಳುಗುವುದು ಮಧ್ಯಾಹ್ನ 3.40ಕ್ಕೆ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು. ನಮ್ಮವರು ಎರಡು ವರ್ಷ ಒದ್ದಾಡಿ, ಕೊನೆಗೆ ಬೆಳಿಗ್ಗೆ ಏಳು, ಸಂಜೆ ಏಳು ಎಂದು ಗಡಿಯಾರಕ್ಕೆ ಶರಣಾದರು. ಕಾಲ ಮೀರಿದರೆ ಕೊಡುವ ಪ್ರಾಯಶ್ಚಿತ್ತಾರ್ಘ್ಯ ವಿಧಿಯಲ್ಲೇ ಇದೆಯಲ್ಲ. ಹೊತ್ತು ತಪ್ಪುವುದು ನಾವು ಪರದೇಶದಲ್ಲಿ ಕಂಡುಹಿಡಿದ ಪಾಪವೇನಲ್ಲ. ತಾನು ಎಲ್ಲಿ, ಯಾವಾಗ ಮಾಡುತ್ತಿದ್ದೇನೆಂದು ಹೇಳಿಕೊಳ್ಳುವ ಸಂಕಲ್ಪದಲ್ಲಿ ಇಂದಿಗೂ ಅವರ ಬಾಯಿಗೆ ‘ಗೋದಾವರ್ಯಾಃ ದಕ್ಷಿಣೇ ತೀರೇ’, ಗೋದಾವರಿಯ ದಕ್ಷಿಣ ದಡದಲ್ಲಿ, ಎಂದೇ ಬರುತ್ತದೆ. ಕಿಟಕಿಯ ಹೊರಗೆ ಹಿಮ ಬೀಳುತ್ತಿರುತ್ತದೆ.

ಏಕಾದಶಿಗೆ ಊರಿನ ಕ್ಯಾಲೆಂಡರ್ ಬೇಡ, ಇಲ್ಲಿನ ಸೂರ್ಯೋದಯಕ್ಕೆ ಗಣಿಸಿದ ಪಂಚಾಂಗ ನೋಡಿ. ಚಳಿಗಾಲದಲ್ಲಿ ಇಲ್ಲಿ ಬೆಳಗಾಗುವಾಗ ಮೈಸೂರಿನಲ್ಲಿ ಮಧ್ಯಾಹ್ನ ಎರಡು ದಾಟಿರುತ್ತದೆ. ಸೂರ್ಯ ಹುಟ್ಟುವಾಗ ಇರುವ ತಿಥಿಯೇ ಆ ದಿನದ ಲೆಕ್ಕ; ಅಷ್ಟರಲ್ಲಿ ಏಕಾದಶಿ ತಿಥಿ ಮುಗಿದಿದ್ದರೆ ನಮ್ಮ ಏಕಾದಶಿ ಒಂದು ದಿನ ಮೊದಲೇ ಬರಬಹುದು.

ಇದೆಲ್ಲ ಸುಲಭದ ಭಾಗ. ನೀವು ಕೇಳದಿರುವುದನ್ನು ಹೇಳುತ್ತೇನೆ. ಮೊದಲ ವರ್ಷಗಳಲ್ಲಿ ನಮ್ಮ ಮನೆಯ ಏಕಾದಶಿ ಹೀಗಿತ್ತು: ಮಗುವಿಗೆ ಅನ್ನ ಸಾರು, ಆಸ್ಪತ್ರೆಯ ರಾತ್ರಿ ಪಾಳಿಗೆ ನನ್ನ ಡಬ್ಬಿ, ಅವರಿಗೆ ಸಬ್ಬಕ್ಕಿ ಉಪ್ಪಿಟ್ಟು, ರಸಾಯನ, ಹುರಿದ ಗೋಡಂಬಿ. ಅನ್ನ ಬಿಟ್ಟವರು ಅವರು, ಒಲೆಯ ಮುಂದೆ ನಿಂತವಳು ನಾನು. ಊರಿನಲ್ಲಾದರೆ ಅತ್ತೆ, ಓರಗಿತ್ತಿ ಕೈಜೋಡಿಸುತ್ತಿದ್ದರು. ಇಲ್ಲಿ ಇರುವುದು ಎರಡೇ ಕೈ. ಒಂದು ಏಕಾದಶಿಯಂದು ಹಾಲು, ಬಾಳೆಹಣ್ಣು ಮೇಜಿನ ಮೇಲಿಟ್ಟು ಕೆಲಸಕ್ಕೆ ಹೊರಟುಬಿಟ್ಟೆ. ಅವರು ಏನೂ ಅನ್ನಲಿಲ್ಲ. ಅಂದಿನಿಂದ ಅವರ ಫಲಾಹಾರ ಅಷ್ಟೇ, ಮರುದಿನ ಉಪವಾಸ ಮುರಿಯುವ ಪಾರಣೆಯ ಅಡುಗೆಯೂ ಅವರದೇ. ನನ್ನ ಕಣ್ಣಿಗೆ ಅವರ ವ್ರತ ಶುರುವಾದದ್ದು ಆ ದಿನ.

ನನ್ನದು ಚಿಕ್ಕದು. ಪಾಳಿ ಮುಗಿಸಿ ಬಂದು ದೀಪ ಹಚ್ಚಿ ಹತ್ತು ನಿಮಿಷ ಕೂರುತ್ತೇನೆ, ಮೊಬೈಲ್ ಬೇರೆ ಕೋಣೆಯಲ್ಲಿರುತ್ತದೆ. ಬಿಟ್ಟ ದಿನಗಳೂ ಇವೆ.

ನೀವು ಸದ್ಯಕ್ಕೆ ಬೆಳಗಿನ ಸಂಧ್ಯೆಯೊಂದನ್ನೇ ಹಿಡಿಯಿರಿ. ಮಗುವನ್ನು ಶಾಲೆಗೆ ಹೊರಡಿಸುವ ಹೊತ್ತಿಗೆ ಮಾತ್ರ ಇಟ್ಟುಕೊಳ್ಳಬೇಡಿ, ಆ ಹೊತ್ತಿನಲ್ಲಿ ನಿಮ್ಮ ಮನೆಯವರಿಗೆ ನೀವು ಬೇಕು. ಬಾಡಿಗೆ ಮನೆಯಾದರೆ ಹೊಗೆಯ ಅಲಾರಾಂ ಎಲ್ಲಿದೆ ಎಂದು ನೋಡಿಕೊಂಡು ಕರ್ಪೂರ ಹಚ್ಚಿ.