ಜೀವಂತ ಪ್ರೋಬಯಾಟಿಕ್ ಹೆಪ್ಪಿನ ಪುಡಿಯನ್ನು ಮನೆಯಲ್ಲಿ ಕಾಪಾಡುವುದು ಹೇಗೆ? ಕೀಮೋಥೆರಪಿ ಪಡೆಯುತ್ತಿರುವವರಿಗೆ ಕೊಡಬಹುದೇ?

ನೀವು ಕೇಳಿರುವುದು ನಾಲ್ಕು ಸಂಗತಿ. ತಂಗಿ ಅಮೆರಿಕದಿಂದ ತಂದುಕೊಟ್ಟ ಪ್ರೋಬಯಾಟಿಕ್ ಹೆಪ್ಪಿನ ಪೊಟ್ಟಣಗಳನ್ನು ಫ್ರಿಜ್ಜಿನಲ್ಲಿ ಇಡಬೇಕೇ, ಫ್ರೀಜರಿನಲ್ಲೇ? ಒಂದು ಪೊಟ್ಟಣ ಒಡೆದ ಮೇಲೆ ಉಳಿದ ಪುಡಿಯನ್ನು ಏನು ಮಾಡಬೇಕು? ಅದರಿಂದಾದ ಮೊಸರನ್ನೇ ಮತ್ತೆ ಮತ್ತೆ ಹೆಪ್ಪಾಗಿ ಬಳಸಬಹುದೇ? ಕೀಮೋಥೆರಪಿ ಪಡೆಯುತ್ತಿರುವ ಅತ್ತೆಯವರಿಗೆ ಆ ಮೊಸರು ಕೊಡಬಹುದೇ? ನಾನು ಡೇರಿಯೊಂದರ ಪ್ರಯೋಗಾಲಯದಲ್ಲಿ ಹದಿನಾಲ್ಕು ವರ್ಷ ಹೆಪ್ಪಿನ ವಿಭಾಗವನ್ನು ನೋಡಿಕೊಂಡವಳು, ವೈದ್ಯೆಯಲ್ಲ. ಆದರೂ ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಮೂರನ್ನು ನಾಳೆ ಓದಿದರೂ ನಡೆದೀತು, ಇದು ಕಾಯುವಂಥದ್ದಲ್ಲ.

ಅತ್ತೆಯವರಿಗೆ, ಅವರ ಕ್ಯಾನ್ಸರ್ ವೈದ್ಯರನ್ನು ಕೇಳದೆ, ಇದನ್ನು ಒಂದು ಚಮಚವೂ ಕೊಡಬೇಡಿ. ಪ್ರೋಬಯಾಟಿಕ್ ಎಂದರೆ ಆರೋಗ್ಯಕ್ಕೆ ಒಳಿತೆಂದು ಸೇವಿಸುವ ಜೀವಂತ ಸೂಕ್ಷ್ಮಜೀವಿ, ನಿಮ್ಮ ಹೆಪ್ಪಿನಲ್ಲಿ ಅದು ಬ್ಯಾಕ್ಟೀರಿಯಾ. ಆರೋಗ್ಯವಂತರಲ್ಲಿ ಅದು ಕರುಳಿನೊಳಗೇ ಉಳಿಯುತ್ತದೆ. ಕರುಳಿನ ಒಳಪದರ ಗೋಡೆಯಂತೆ ತಡೆಯುತ್ತದೆ, ರಕ್ತದ ಬಿಳಿ ಕಣಗಳು ಆಚೆ ಕಾವಲಿರುತ್ತವೆ. ಕೀಮೋ ಔಷಧಗಳು ಎರಡನ್ನೂ ಸೊರಗಿಸುತ್ತವೆ. ಸಾಮಾನ್ಯವಾಗಿ ಔಷಧ ಕೊಟ್ಟ 7ರಿಂದ 14 ದಿನಗಳ ನಡುವೆ ಬಿಳಿ ಕಣಗಳ ಸಂಖ್ಯೆ ತೀರಾ ಕೆಳಗಿಳಿಯುತ್ತದೆ. ಆ ದಿನಗಳಲ್ಲಿ ಲ್ಯಾಕ್ಟೊಬ್ಯಾಸಿಲಸ್‌ನಂಥ ಸಾಧು ಬ್ಯಾಕ್ಟೀರಿಯಾ ಕೂಡ ರಕ್ತಕ್ಕೆ ಇಳಿದು ಸೋಂಕು ಮಾಡಬಲ್ಲದು. ಇದು ಅಪರೂಪ, ಆದರೆ ದಾಖಲಾಗಿರುವ ಸಂಗತಿ. ಅವಧಿಗೆ ಮೊದಲೇ ಹುಟ್ಟಿದ ಶಿಶುವೊಂದು ತನಗೆ ಕೊಟ್ಟ ಪ್ರೋಬಯಾಟಿಕ್‌ನ ಬ್ಯಾಕ್ಟೀರಿಯಾದಿಂದಲೇ ರಕ್ತದ ಸೋಂಕಾಗಿ ತೀರಿಕೊಂಡ ಮೇಲೆ, 2023ರ ಅಕ್ಟೋಬರಿನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇಂಥ ಶಿಶುಗಳ ವಿಷಯದಲ್ಲಿ ಆಸ್ಪತ್ರೆಗಳನ್ನು ಎಚ್ಚರಿಸಿತು.

ಪುಡಿಯಲ್ಲಿ ಲೇಬಲ್ಲಿನ ಮೇಲಿಲ್ಲದ ಜೀವಿಯೂ ಇರಬಹುದು. 2014ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಇನ್ನೊಂದು ನವಜಾತ ಶಿಶುವಿನ ಸಾವಿಗೆ ಕಾರಣವಾದದ್ದು ಪ್ರೋಬಯಾಟಿಕ್ ಪುಡಿಯೊಳಗೆ ಸೇರಿಕೊಂಡಿದ್ದ ಶಿಲೀಂಧ್ರ. ನಮಗೆ ನಿಮಗೆ ಲೆಕ್ಕಕ್ಕೇ ಬಾರದಷ್ಟು ಅಲ್ಪ ಕಲ್ಮಶ, ಕಾವಲಿಲ್ಲದ ದೇಹಕ್ಕೆ ಅಲ್ಪವಲ್ಲ.

ಔಷಧವನ್ನು ನೇರ ರಕ್ತನಾಳಕ್ಕೆ ಬಿಡಲು ಅತ್ತೆಯವರ ಎದೆಯಲ್ಲಿ ಪೋರ್ಟ್ ಅಥವಾ ತೋಳಿನಲ್ಲಿ ಪಿಕ್ ಲೈನ್ ಎಂಬ ನಳಿಕೆ ಹಾಕಿದ್ದರೆ ಇನ್ನೊಂದು ಎಚ್ಚರ ಬೇಕು. ಅಂಥ ನಳಿಕೆ ಇರುವವರಿಗೆ ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಪ್ರೋಬಯಾಟಿಕ್ ಯೀಸ್ಟನ್ನು ಕೊಡಕೂಡದು ಎಂದು ಅದರ ಮಾಹಿತಿ ಪತ್ರದಲ್ಲೇ ಬರೆದಿರುತ್ತದೆ. ರೋಗಿ ಅದನ್ನು ನುಂಗದಿದ್ದರೂ, ಪೊಟ್ಟಣ ಒಡೆದವರ ಕೈಯಿಂದ ನಳಿಕೆಗೆ, ನಳಿಕೆಯಿಂದ ರಕ್ತಕ್ಕೆ ಹೋದ ಪ್ರಸಂಗಗಳಿವೆ. ನಿಮ್ಮದು ಬ್ಯಾಕ್ಟೀರಿಯಾದ ಪುಡಿಯಾದರೂ ಅದೇ ನಿಯಮ ಇಟ್ಟುಕೊಳ್ಳಿ. ಪೊಟ್ಟಣವನ್ನು ಅಡುಗೆಮನೆಯಲ್ಲೇ ಒಡೆಯಿರಿ, ಅವರು ಮಲಗುವ ಕೋಣೆಯಲ್ಲಿ ಬೇಡ. ಚೆಲ್ಲಿದ ಪುಡಿಯನ್ನು ಗುಡಿಸಿದರೆ ಗಾಳಿಗೆ ಏಳುತ್ತದೆ, ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಸಾಬೂನು ಹಚ್ಚಿ ಕೈ ತೊಳೆಯದೆ ಅವರ ನಳಿಕೆಯನ್ನಾಗಲಿ ಅದರ ಪಟ್ಟಿಯನ್ನಾಗಲಿ ಮುಟ್ಟಬೇಡಿ.

ಇನ್ನು ಪುಡಿಯನ್ನು ಕಾಪಾಡುವ ಬಗೆ. ಪೊಟ್ಟಣದಲ್ಲಿರುವುದು ಜೀವವಿದ್ದೂ ಜೀವನ ನಿಂತಿರುವ ಬ್ಯಾಕ್ಟೀರಿಯಾ. ಕಾರ್ಖಾನೆಯಲ್ಲಿ ಅದನ್ನು ಶೂನ್ಯಕ್ಕಿಂತ ಬಹಳ ಕೆಳಗೆ ಮರಗಟ್ಟಿಸಿ, ನಿರ್ವಾತದಲ್ಲಿ ಅದರೊಳಗಿನ ಮಂಜನ್ನು ಕರಗಲು ಬಿಡದೆ ನೇರವಾಗಿ ಆವಿಯಾಗಿಸುತ್ತಾರೆ. ನೀರು ಹೋಯಿತೆಂದರೆ ಕೋಶದ ಒಳಗಿನ ಕೆಲಸವೆಲ್ಲ ನಿಲ್ಲುತ್ತದೆ. ಕೆಲಸ ನಿಂತಿರುವಷ್ಟು ಕಾಲ ಅದು ಉಳಿಯುತ್ತದೆ. ಆದ್ದರಿಂದ ಜನ ಬಿಸಿಲಿಗೆ ಹೆದರುವಷ್ಟೇ ತೇವಕ್ಕೂ ಹೆದರಬೇಕು. ಇದನ್ನು ನಾನು ಕಲಿತದ್ದು ಒಂದು ಬಾಟಲಿಯನ್ನು ಕೆಡಿಸಿ.

ಕೆಲಸಕ್ಕೆ ಸೇರಿದ ಮೊದಲ ವರ್ಷದ ಜುಲೈ ತಿಂಗಳು, ಹೊರಗೆ ಬಿಡದ ಮಳೆ. ಮೈನಸ್ 20 ಡಿಗ್ರಿಯ ಫ್ರೀಜರಿನಿಂದ ಹೆಪ್ಪಿನ ಬಾಟಲಿಯನ್ನು ತೆಗೆದವಳೇ ಮುಚ್ಚಳ ಬಿಚ್ಚಿದೆ, ಬೇಕಾದಷ್ಟು ತೂಗಿಕೊಂಡೆ, ಮುಚ್ಚಿ ಒಳಗಿಟ್ಟೆ. ಎಲ್ಲ ಸೇರಿ ಎರಡು ನಿಮಿಷ. ಬಾಟಲಿಯ ಹೊರಮೈ ಆಗಲೇ ಬೆವರಿತ್ತು. ಒಳಗೂ ಅದೇ ಬೆವರು ಇಳಿಯುತ್ತದೆಂದು ನನಗೆ ಹೊಳೆಯಲಿಲ್ಲ. ವಾರದ ನಂತರ ತೆಗೆದು ನೋಡಿದರೆ ಹಿಟ್ಟಿನಂತೆ ಉದುರುತ್ತಿದ್ದ ಪುಡಿ ಬಾಟಲಿಯ ಒಂದು ಬದಿಗೆ ಹಳೆಯ ಹಾಲಿನ ಪುಡಿಯ ಹಾಗೆ ಗಂಟುಕಟ್ಟಿ ಅಂಟಿತ್ತು. ಜೀವಂತ ಸಂಖ್ಯೆ ನೋಡಲು ಅದನ್ನು ಕರಗಿಸಿ, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ತಟ್ಟೆಗೆ ಹಾಕಿ 37 ಡಿಗ್ರಿಯಲ್ಲಿಟ್ಟೆ. ಮೂರನೆಯ ದಿನ ತಟ್ಟೆಯ ತುಂಬ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು ಏಳಬೇಕಿತ್ತು. ಬೆರಳು ಮಡಿಸಿ ಎಣಿಸುವಷ್ಟಿದ್ದವು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ತಟ್ಟೆಯನ್ನು ಬೆಳಕಿಗೆ ಹಿಡಿದು, "ನಿದ್ದೆಯಲ್ಲಿದ್ದವರನ್ನು ಎಬ್ಬಿಸಿ ಊಟ ಹಾಕದೆ ಕೂರಿಸಿದ್ದೀಯಮ್ಮ" ಎಂದರು. ಆಗಿದ್ದೂ ಅಷ್ಟೇ. ತೇವ ಸೋಕಿ ಕೋಶಗಳು ಅರೆ ಎಚ್ಚರಗೊಂಡವು. ತಿನ್ನಲು ಹಾಲಿಲ್ಲ, ಹಿಂದಿನ ನಿದ್ದೆಗೆ ಮರಳುವ ದಾರಿಯೂ ಇಲ್ಲ.

ಹಾಗಾಗಿ ಪೊಟ್ಟಣವನ್ನು ಹೊರತೆಗೆದ ಮೇಲೆ ಒಡೆಯದೆ ಅರ್ಧ ಗಂಟೆ ಮೇಜಿನ ಮೇಲೆ ಬಿಡಿ. ಹೊರಮೈ ಕೋಣೆಯಷ್ಟೇ ಬೆಚ್ಚಗಾಗಿ, ಒರೆಸಿದರೆ ಕೈಗೆ ತೇವ ಹತ್ತದಂತಾದ ಮೇಲೆ ಕತ್ತರಿಸಿ. ಫ್ರಿಜ್ಜೋ ಫ್ರೀಜರೋ ಎಂಬುದಕ್ಕೆ ಪೊಟ್ಟಣದ ಮೇಲಿನ ಮಾತೇ ಪ್ರಮಾಣ. ಏನೂ ಬರೆದಿಲ್ಲದಿದ್ದರೆ, ಒಂದೆರಡು ತಿಂಗಳಲ್ಲಿ ಮುಗಿಸುವುದಾದರೆ 2ರಿಂದ 8 ಡಿಗ್ರಿಯ ಫ್ರಿಜ್ ಸಾಕು, ಹೆಚ್ಚು ಕಾಲಕ್ಕೆ ಫ್ರೀಜರ್ ಲೇಸು. ಫ್ರಿಜ್ಜಿನ ಬಾಗಿಲಲ್ಲಿ ಮಾತ್ರ ಇಡಬೇಡಿ, ದಿನಕ್ಕೆ ಇಪ್ಪತ್ತು ಸಲ ಬಿಸಿಗಾಳಿ ತಗಲುವ ಜಾಗ ಅದು. ಪೊಟ್ಟಣಗಳನ್ನು ಬಿಗಿ ಮುಚ್ಚಳದ ಗಾಜಿನ ಡಬ್ಬಿಗೆ ಹಾಕಿ, ಜೊತೆಗೆ ತೇವ ಹೀರುವ ಒಂದು ಸಿಲಿಕಾ ಜೆಲ್ ಚೀಲ ಇಟ್ಟು, ನಡುವಿನ ಅಂತಸ್ತಿನ ಹಿಂಬದಿಗೆ ಸರಿಸಿ. ನಾಲ್ಕಾರು ಗಂಟೆ ವಿದ್ಯುತ್ ಹೋದರೆ ಗಾಬರಿ ಬೇಡ. ಮುಚ್ಚಿದ ಒಣ ಪೊಟ್ಟಣ ಅಷ್ಟನ್ನು ತಾಳುತ್ತದೆ. ವಿಮಾನದಲ್ಲಿ ಬಂದ ದಾರಿಯನ್ನೂ ಅದು ತಾಳಿಕೊಂಡೇ ಬಂದಿದೆ. ಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟಿದ್ದರೆ ಆ ಪೊಟ್ಟಣದ ಮೇಲೆ ಭರವಸೆ ಇಡಬೇಡಿ.

ಒಡೆದ ಪೊಟ್ಟಣದಲ್ಲಿ ಉಳಿದ ಪುಡಿಯನ್ನು ಮಡಚಿ, ಕ್ಲಿಪ್ ಹಾಕಿ ಒಳಗಿಡುವುದು ಎಲ್ಲರ ಅಭ್ಯಾಸ. ನಾನು ಹಾಗೆ ಮಾಡುವುದಿಲ್ಲ. ಒಂದು ಪೊಟ್ಟಣವನ್ನು ಒಂದೇ ಸಲಕ್ಕೆ ಪೂರ್ತಿ ಹಾಲಿಗೆ ಹಾಕಿ ಮೊಸರು ಮಾಡಿ, ಆ ಹೊಸ ಮೊಸರಿನ ಒಂದು ಬಟ್ಟಲನ್ನು ಕುದಿವ ನೀರಿನಲ್ಲಿ ತೊಳೆದು ಒಣಗಿಸಿದ ಐಸ್ ಟ್ರೇಗೆ ತುಂಬಿ ಫ್ರೀಜರಿಗೆ ಇಡುತ್ತೇನೆ. ಗಟ್ಟಿಯಾದ ಬಿಲ್ಲೆಗಳನ್ನು ಡಬ್ಬಿಗೆ ತೆಗೆದು, ಮೇಲೆ ದಿನಾಂಕ ಬರೆದು, ಒಂದು ತಿಂಗಳೊಳಗೆ ಮುಗಿಸುತ್ತೇನೆ. ವಾರಕ್ಕೊಂದು ಬಿಲ್ಲೆ ಕರಗಿಸಿ ಹೆಪ್ಪು ಹಾಕಿದರೆ ಪ್ರತಿ ಸಲವೂ ಅದು ಪೊಟ್ಟಣದಿಂದ ಎರಡನೆಯ ತಲೆಮಾರೇ ಆಗಿರುತ್ತದೆ. ಮೂರನೆಯ ಪ್ರಶ್ನೆಗೂ ಅರ್ಧ ಉತ್ತರ ಇದರಲ್ಲೇ ಇದೆ.

ಉಳಿದರ್ಧ ಹೀಗೆ. ಮೊಸರಿನಿಂದ ಮೊಸರಿಗೆ ಹೆಪ್ಪು ಹಾಕುತ್ತಾ ಹೋದರೆ ಮೊಸರೇನೋ ಆಗುತ್ತದೆ, ನಮ್ಮ ಅಜ್ಜಿಯರ ಕಾಲದಿಂದ ಆಗುತ್ತಲೇ ಇದೆ. ಆದರೆ ನೀವು ಹಣ ಕೊಟ್ಟು ತರಿಸಿದ ತಳಿ ಅದರಲ್ಲಿ ಉಳಿದಿರುತ್ತದೆಂದು ಹೇಳಲಾಗದು. ಇಂಥ ಪುಡಿಗಳಲ್ಲಿ ಸಾಮಾನ್ಯವಾಗಿ ಹಾಲನ್ನು ಬೇಗ ಹುಳಿಯಾಗಿಸುವ ಸ್ಟ್ರೆಪ್ಟೊಕಾಕಸ್ ಥರ್ಮೊಫಿಲಸ್, ಲ್ಯಾಕ್ಟೊಬ್ಯಾಸಿಲಸ್ ಬಲ್ಗೇರಿಕಸ್ ಎಂಬ ಜೋಡಿಯಿರುತ್ತದೆ. ಜೊತೆಗೆ ಪ್ರೋಬಯಾಟಿಕ್ ಆಗಿ ಅಸಿಡೊಫಿಲಸ್, ಬೈಫಿಡೊಬ್ಯಾಕ್ಟೀರಿಯಾ ಇರುತ್ತವೆ. ಮೊದಲಿನ ಜೋಡಿ 42, 43 ಡಿಗ್ರಿಯಲ್ಲಿ ಓಡುತ್ತದೆ, ಅಸಿಡೊಫಿಲಸ್ 37ರ ಸುಮಾರಿನಲ್ಲಿ ನಿಧಾನವಾಗಿ ನಡೆಯುತ್ತದೆ. ಬಲ್ಗೇರಿಕಸ್ ಹೊರಬಿಡುವ ಆಮ್ಲ ಮತ್ತು ಪೆರಾಕ್ಸೈಡ್ ಅಸಿಡೊಫಿಲಸ್ಸನ್ನು ತುಳಿಯುತ್ತವೆ. ನಾಲ್ಕಾರು ಸಲ ಮರುಹೆಪ್ಪು ಹಾಕುವ ಹೊತ್ತಿಗೆ ನಿಧಾನಸ್ಥರು ಹಿಂದೆ ಬೀಳುತ್ತಾರೆ, ನಿಮ್ಮ ಪಾತ್ರೆ, ಚಮಚ, ಗಾಳಿಯಲ್ಲಿದ್ದ ಊರಿನ ಬ್ಯಾಕ್ಟೀರಿಯಾಗಳು ಆ ಜಾಗ ಹಿಡಿಯುತ್ತವೆ. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ ಒಪ್ಪಿದ ವ್ಯಾಖ್ಯೆಯ ಪ್ರಕಾರ, ಸಾಕಷ್ಟು ಪ್ರಮಾಣದಲ್ಲಿ ಜೀವಂತವಾಗಿ ಸೇರಿ ಆರೋಗ್ಯಕ್ಕೆ ಒಳಿತು ಮಾಡುವ ಸೂಕ್ಷ್ಮಜೀವಿ ಮಾತ್ರ ಪ್ರೋಬಯಾಟಿಕ್. ನಮ್ಮ ದೇಶದ ನಿಯಮ ದಿನದ ಸೇವನೆಗೆ ಕನಿಷ್ಠ 10 ಕೋಟಿ ಜೀವಂತ ಕಣಗಳನ್ನು ಬಯಸುತ್ತದೆ. ಹತ್ತನೆಯ ತಲೆಮಾರಿನ ಮೊಸರಿನಲ್ಲಿ ಆ ತಳಿ ಎಷ್ಟಿದೆಯೆಂದು ಅಡುಗೆಮನೆಯಲ್ಲಿ ತಿಳಿಯುವ ದಾರಿಯಿಲ್ಲ. ಅದನ್ನು ಒಳ್ಳೆಯ ಮೊಸರೆಂದು ಉಣ್ಣಿ, ಔಷಧಿಯೆಂದು ಎಣಿಸಬೇಡಿ.

ಹೆಪ್ಪು ಹಾಕುವಾಗ ಹಾಲನ್ನು ಉಕ್ಕಿಸಿ, ಕಡಿಮೆ ಉರಿಯಲ್ಲಿ ಐದು ನಿಮಿಷ ಬಿಟ್ಟು, ಮುಚ್ಚಿಯೇ ಆರಲು ಬಿಡಿ. ಅಡುಗೆಯ ಥರ್ಮಾಮೀಟರ್ ಒಂದು ಇದ್ದರೆ ಒಳ್ಳೆಯದು. 50 ಡಿಗ್ರಿಯ ಹಾಲಿಗೆ ಹಾಕಿದರೆ ಅಷ್ಟು ಜೋಪಾನ ಮಾಡಿದ್ದನ್ನು ನಿಮ್ಮ ಕೈಯಾರೆ ಬೇಯಿಸಿದಂತೆ. ಪೊಟ್ಟಣ ಬೇರೆ ಹೇಳದಿದ್ದರೆ 40 ಡಿಗ್ರಿಯ ಸುಮಾರಿಗೆ ಹಾಕಿ, ಕಾವು ಇಳಿಯದಂತೆ ಬೆಚ್ಚಗೆ ಮುಚ್ಚಿಡಿ. ಬೆರಳು ಅದ್ದಿ ಬಿಸಿ ನೋಡುವ ರೂಢಿಯನ್ನು ದಯವಿಟ್ಟು ಬಿಡಿ. ಬೆರಳಿನಲ್ಲಿ ಒಂದು ಸಣ್ಣ ಗಾಯವಿದ್ದರೂ ಅಲ್ಲಿಂದ ಸ್ಟ್ಯಾಫಿಲೊಕಾಕಸ್ ಹಾಲಿಗೆ ಇಳಿಯಬಹುದು. ಹುಳಿ ಬೇಗ ಏರಿದರೆ ಅದು ಬೆಳೆಯಲಾರದು, ಹೆಪ್ಪು ಸೋತು ಹಾಲು ಉಗುರುಬೆಚ್ಚಗೇ ಉಳಿದರೆ ಬೆಳೆದು ವಿಷ ಬಿಡುತ್ತದೆ, ಆ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಆದ್ದರಿಂದ ಬೆಚ್ಚಗಿಟ್ಟ ಹಾಲು ಹನ್ನೆರಡು ಗಂಟೆಯಾದರೂ ಗಟ್ಟಿಯಾಗದಿದ್ದರೆ ಕಾಯಿಸಿ ಬಳಸಲು ಹೋಗದೆ ಚೆಲ್ಲಿಬಿಡಿ. ಗುಲಾಬಿ ಅಥವಾ ಕಿತ್ತಳೆ ಛಾಯೆ, ಬೂಷ್ಟು, ಮೊಸರಿನೊಳಗೆ ಗುಳ್ಳೆ, ಹೆಂಡದ ವಾಸನೆ ಕಂಡರೂ ಹಾಗೆಯೇ. ಬೂಷ್ಟನ್ನು ಮೇಲಿಂದ ಕೆನೆಯಂತೆ ತೆಗೆದು ಕೆಳಗಿನದನ್ನು ಉಣ್ಣುವುದು ಬೇಡ, ಅದರ ಬೇರುಗಳು ಕಾಣದಷ್ಟು ಆಳಕ್ಕೆ ಇಳಿದಿರುತ್ತವೆ.

ಈಗ ಮತ್ತೆ ಅತ್ತೆಯವರ ವಿಷಯ. ಮುಂದಿನ ಭೇಟಿಗೆ ಹೋಗುವಾಗ ಪೊಟ್ಟಣದ ಹಿಂಬದಿಯ ಫೋಟೊ ತೆಗೆದುಕೊಂಡು ಹೋಗಿ. ಅದರಲ್ಲಿ ಪ್ರತಿ ಬ್ಯಾಕ್ಟೀರಿಯಾದ ಪೂರ್ತಿ ಹೆಸರು ಮತ್ತು ಕೊನೆಯ ಅಕ್ಷರ-ಅಂಕಿಗಳ ತಳಿ ಸಂಕೇತ ಕಾಣುವಂತಿರಲಿ. 2020ರಲ್ಲಿ ಲ್ಯಾಕ್ಟೊಬ್ಯಾಸಿಲಸ್ ಕುಲವನ್ನು 25 ಕುಲಗಳಾಗಿ ಒಡೆದರು. ಹಾಗಾಗಿ ಒಂದು ಪೊಟ್ಟಣದ ಲ್ಯಾಕ್ಟೊಬ್ಯಾಸಿಲಸ್ ರಾಮ್ನೋಸಸ್ ಇನ್ನೊಂದರಲ್ಲಿ ಲ್ಯಾಕ್ಟಿಕೇಸಿಬ್ಯಾಸಿಲಸ್ ರಾಮ್ನೋಸಸ್ ಆಗಿರಬಹುದು, ಎರಡೂ ಒಂದೇ. ವೈದ್ಯರು ಬೇಡವೆಂದರೆ ಅವರ ಊಟಕ್ಕೆ ಬೇರೆ ಪಾತ್ರೆ, ಬೇರೆ ಚಮಚ ಇಡಿ. ಯಾರೋ ತಿಳಿಯದೆ ಅವರಿಗೆ ಆ ಮೊಸರನ್ನು ಬಡಿಸಿದ್ದರೆ ಹೆದರಿಸಬೇಡಿ, ಆದರೆ ವೈದ್ಯರಿಗೆ ಅಂದೇ ತಿಳಿಸಿ. ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದರೆ, ಮೊಸರು ತಿಂದಿರಲಿ ಬಿಡಲಿ, ಬೆಳಗಾಗುವವರೆಗೆ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಮೊಸರು ತಿಂದದ್ದು ಹೌದಾದರೆ ಖಾಲಿ ಪೊಟ್ಟಣವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ. ರಕ್ತ ಪರೀಕ್ಷೆ ಮಾಡುವವರಿಗೆ ಏನನ್ನು ಹುಡುಕಬೇಕೆಂದು ಅದರಿಂದ ತಿಳಿಯುತ್ತದೆ.